ಪ್ರಶ್ನೋತ್ತರ: ನಗರ ಉಳಿಯುವುದು ಊರಾಚೆಯ ರಸ್ತೆಯಲ್ಲಿ

ಕಳೆದ ಸಂಚಿಕೆಯಲ್ಲಿ 1941ರ ಮಾಸ್ಕೋ ಕದನದ ಬಗ್ಗೆ, ಅಂದರೆ ಸೋವಿಯತ್ ರಾಜಧಾನಿಯನ್ನು ಜರ್ಮನ್ ಸೇನೆಯಿಂದ ಉಳಿಸಿಕೊಂಡ ಬಗ್ಗೆ, ಲೇಖನ ಪ್ರಕಟಿಸಿದ್ದೆವು. ಅದನ್ನು ಓದಿದ ಹಲವರು ಪತ್ರ ಬರೆದಿದ್ದಾರೆ. ಸೇನಾಪತಿಗಳ ಬಗ್ಗೆ ಕೇಳಿದವರು ಕಡಿಮೆ. ಕಂದಕ, ಕಬ್ಬಿಣದ ಮುಳ್ಳು, ನೀರು, ಹಿಟ್ಟು ಇವುಗಳ ಬಗ್ಗೆಯೇ ಹೆಚ್ಚಿನವರ ಕುತೂಹಲ. ಅದು ಸರಿಯಾದ ಕುತೂಹಲವೇ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಶತ್ರು ಬರುವುದು ನಗರಕ್ಕೆ. ಹಾಗಿದ್ದ ಮೇಲೆ ನಗರದ ಅಂಚಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಬಿಟ್ಟು, ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಮೊಝೈಸ್ಕ್‌ನಲ್ಲಿ ರಕ್ಷಣಾ ಸಾಲು ಹಾಕಿದ್ದು ಯಾಕೆ? ಇದ್ದ ಸೈನ್ಯವನ್ನೂ ಚೆದುರಿಸಿದಂತಾಗಲಿಲ್ಲವೇ?

ಉತ್ತರ: ಶತ್ರುವನ್ನು ನಗರದ ಅಂಚಿನಲ್ಲಿ ತಡೆದು ನಿಲ್ಲಿಸಿದರೂ ನಗರ ಅರ್ಧ ಸೋತಂತೆಯೇ. ಆ ಕಾಲದ ಭಾರೀ ಫಿರಂಗಿಯ ಗುಂಡು 25–30 ಕಿ.ಮೀ. ದೂರ ಹೋಗುತ್ತಿತ್ತು. ಅಷ್ಟು ಹತ್ತಿರಕ್ಕೆ ಬಂದವನು ಊರೊಳಗೆ ಕಾಲಿಡದೆಯೇ ರೈಲು ನಿಲ್ದಾಣ, ವಿದ್ಯುತ್ ಕೇಂದ್ರ, ಕಾರ್ಖಾನೆಗಳನ್ನು ಹೊಡೆಯಬಲ್ಲ. ಲೆನಿನ್‌ಗ್ರಾದ್‌ನಲ್ಲಿ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಆದದ್ದು ಅದೇ. ಜರ್ಮನರು ನಗರ ಹಿಡಿಯಲಿಲ್ಲ, ಆದರೆ ಅಂಚಿನಲ್ಲಿ ಕೂತು ಎರಡು ವರ್ಷಕ್ಕೂ ಹೆಚ್ಚು ಕಾಲ ಗುಂಡು ಸುರಿಸಿದರು.

ಮಾಸ್ಕೋಗೆ ಇನ್ನೊಂದು ಕಾರಣವೂ ಇತ್ತು. ದೇಶದ ರೈಲು ಹಳಿಗಳೆಲ್ಲ ಬಂಡಿಚಕ್ರದ ಅರಗಳ ಹಾಗೆ ಅಲ್ಲಿ ಬಂದು ಸೇರುತ್ತವೆ. ಅವುಗಳನ್ನು ಜೋಡಿಸುವ ವೃತ್ತಾಕಾರದ ಹಳಿಯೂ ಇದೆ. ಸೈಬೀರಿಯದಿಂದ ಬಂದ ಡಿವಿಷನ್ ಒಂದನ್ನು ಉತ್ತರದ ರಂಗಕ್ಕಾಗಲಿ ದಕ್ಷಿಣದ ರಂಗಕ್ಕಾಗಲಿ ತಿರುಗಿಸಲು ಈ ಚಕ್ರದ ಗುಂಬ ಕೈಯಲ್ಲಿರಬೇಕು, ಮತ್ತು ಫಿರಂಗಿಯ ಕೈಗೆ ಸಿಗದಂತೆ ಇರಬೇಕು.

ಮೊಝೈಸ್ಕ್ ಸಾಲಿನ ಕೆಲಸ ಶುರುವಾದದ್ದು 1941ರ ಜುಲೈಯಲ್ಲಿ. ಉತ್ತರದಲ್ಲಿ ವೋಲ್ಗಾದ ಜಲಾಶಯದಿಂದ ದಕ್ಷಿಣದಲ್ಲಿ ಉಗ್ರಾ ನದಿ ಓಕಾವನ್ನು ಸೇರುವ ಜಾಗದವರೆಗೆ 220 ಕಿ.ಮೀ.ಗೂ ಹೆಚ್ಚು ಉದ್ದ. ಅಕ್ಟೋಬರ್ 7ರಂದು ವ್ಯಾಝ್ಮಾ ಬಳಿ ಜರ್ಮನ್ ಇಕ್ಕಳ ಮುಚ್ಚಿಕೊಂಡಾಗ ಕೆಲಸ ಅರ್ಧವೂ ಮುಗಿದಿರಲಿಲ್ಲ. ವ್ಯಾಝ್ಮಾ ಮತ್ತು ಬ್ರ್ಯಾನ್ಸ್ಕ್‌ಗಳಲ್ಲಿ ಸಿಕ್ಕಿಬಿದ್ದವರಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ಸೆರೆಯಾದರೆಂದು ಜರ್ಮನರು ಸಾರಿದರು. ಅಕ್ಟೋಬರ್ 10ರಂದು ಪಶ್ಚಿಮ ರಂಗದ ಹೊಣೆ ಹೊತ್ತ ಸೋವಿಯತ್ ಸೇನಾಪತಿ ಝುಕೋವ್‌ಗೆ ಕೈಯಲ್ಲಿ ಉಳಿದದ್ದು ಸುಮಾರು 90,000 ಸೈನಿಕರು. 220 ಕಿ.ಮೀ.ಗೆ ಹಂಚಿದರೆ ಎರಡೂವರೆ ಮೀಟರಿಗೆ ಒಬ್ಬ, ಅದೂ ಅಡುಗೆಯವನನ್ನೂ ಡ್ರೈವರನ್ನೂ ಸೇರಿಸಿ. ಮೀಸಲು ಶೂನ್ಯ.

ಆದ್ದರಿಂದ ಅವರು ಸಾಲನ್ನು ಕಾಯಲಿಲ್ಲ, ರಸ್ತೆಗಳನ್ನು ಕಾದರು. ವೊಲೊಕೊಲಾಮ್ಸ್ಕ್, ಮೊಝೈಸ್ಕ್, ಮಾಲೊಯಾರೊಸ್ಲಾವೆತ್ಸ್, ಕಲೂಗಾ ಎಂಬ ನಾಲ್ಕು ಊರುಗಳ ಸುತ್ತ ನಾಲ್ಕು ಬಲವಾದ ಗಂಟು ಹಾಕಿದರು. ಅಕ್ಟೋಬರಿನ ಮಳೆಗೆ ಆ ಸೀಮೆಯ ಮಣ್ಣು ರಸ್ತೆಗಳೆಲ್ಲ ಕೆಸರಾಗಿ ಲಾರಿಯ ಅಚ್ಚಿನವರೆಗೆ ಹೂತುಹೋಗುತ್ತವೆ. ಕಲ್ಲು, ಡಾಂಬರು ಹಾಕಿದ ಹೆದ್ದಾರಿಗಳು ಬೆರಳೆಣಿಕೆಯವು. ಟ್ಯಾಂಕು ಹೇಗೋ ಹೊಲಕ್ಕಿಳಿದು ತೆವಳೀತು. ಅದರ ಹಿಂದೆ ಬರಬೇಕಾದ ಪೆಟ್ರೋಲಿನ ಲಾರಿ ಇಳಿಯಲಾರದು.

ಈ ಲೆಕ್ಕಾಚಾರ ಪೂರ್ತಿ ಫಲಿಸಿತು ಎಂದಲ್ಲ. ಕಲೂಗಾ ಮೊದಲೇ ಹೋಯಿತು. ಅಕ್ಟೋಬರ್ 18ಕ್ಕೆ ಮೊಝೈಸ್ಕ್, ಮಾಲೊಯಾರೊಸ್ಲಾವೆತ್ಸ್ ಎರಡೂ ಬಿದ್ದವು. ವೊಲೊಕೊಲಾಮ್ಸ್ಕ್ 27ರವರೆಗೆ ನಿಂತಿತು. ಇಲಿನ್ಸ್ಕೊಯೆ ಎಂಬ ಹಳ್ಳಿಯ ಬಳಿ ಪೊದೊಲ್ಸ್ಕ್‌ನ ಎರಡು ಸೈನಿಕ ಶಾಲೆಗಳ ಸುಮಾರು 3,500 ವಿದ್ಯಾರ್ಥಿಗಳನ್ನು ತಂದು ನಿಲ್ಲಿಸಿದ್ದರು. ಅವರು ಹೊಕ್ಕು ಕೂತ ಕಾಂಕ್ರೀಟ್ ಗೂಡುಗಳಿಗೆ ಉಕ್ಕಿನ ಬಾಗಿಲು ಇರಲಿಲ್ಲ, ತೋಪಿನ ಕಿಂಡಿಗೆ ಕವಚ ಇರಲಿಲ್ಲ, ಮೇಲೆ ಮಣ್ಣು–ಹುಲ್ಲಿನ ಮರೆಯೂ ಇರಲಿಲ್ಲ. ಹಸಿ ಕಾಂಕ್ರೀಟು ದೂರದಿಂದಲೇ ಬೆಳ್ಳಗೆ ಕಾಣುತ್ತದೆ. ಗುರಿಯಿಟ್ಟವನಿಗೆ ಕಿಂಡಿಯೊಂದೇ ಸಾಕು. ಅಷ್ಟಾದರೂ ಆ ಹೆದ್ದಾರಿಯಲ್ಲಿ ಎರಡು ವಾರದ ಹತ್ತಿರ ಸಿಕ್ಕಿತು. ಇಡೀ ಸಾಲಿನಿಂದ ಮಾಸ್ಕೋ ಪಡೆದದ್ದು ದಿನಗಳನ್ನು, ನೆಲವನ್ನಲ್ಲ. ಇದೇ ಕೆಲಸವನ್ನು ನಗರದ ಅಂಚಿನಲ್ಲಿ ಆರಂಭಿಸಿದ್ದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗುತ್ತಿತ್ತು.

ಪ್ರಶ್ನೆ: ಚಿತ್ರಗಳಲ್ಲಿ ಕಾಣುವ ಆ ಕಬ್ಬಿಣದ ನಕ್ಷತ್ರಗಳು ನಿಜವಾಗಿಯೂ ಟ್ಯಾಂಕು ತಡೆಯುತ್ತವೆಯೇ? ನೆಲಕ್ಕೆ ನೆಟ್ಟೂ ಇರುವುದಿಲ್ಲವಲ್ಲ, ದೂಡಿಕೊಂಡು ಹೋಗಬಾರದೇ?

ಉತ್ತರ: ನೆಟ್ಟಿರುವುದಿಲ್ಲ ಎಂಬುದೇ ಅದರ ಗುಟ್ಟು. ಸೈನಿಕರು ಅದನ್ನು ಮುಳ್ಳುಹಂದಿ ಎನ್ನುತ್ತಾರೆ. ಮಾಸ್ಕೋದಲ್ಲಿ ಬಳಸಿದ ಮಾದರಿಯನ್ನು ರೂಪಿಸಿದ್ದು ಗೋರಿಕ್ಕರ್ ಎಂಬ ಸೇನಾಧಿಕಾರಿ. 1941ರ ಜುಲೈಯಲ್ಲಿ ಕೀವ್‌ನಲ್ಲಿ ಹಗುರ ಟ್ಯಾಂಕುಗಳನ್ನೇ ಅದರ ಮೇಲೆ ಓಡಿಸಿ ಪರೀಕ್ಷಿಸಿದರು.

ಅಳತೆಯೇ ಮುಖ್ಯ. ಐ ಆಕಾರದ ಉಕ್ಕಿನ ತೊಲೆಯ ಮೂರು ತುಂಡುಗಳನ್ನು ಒಂದಕ್ಕೊಂದು ಅಡ್ಡಲಾಗಿ ಕೂಡಿಸಿ, ನಡುವೆ ದಪ್ಪ ತಗಡಿನ ಪಟ್ಟಿ ಕೊಟ್ಟು ರಿವೆಟ್ ಹೊಡೆಯುತ್ತಾರೆ. ನಿಂತಾಗ ಎತ್ತರ 80 ಸೆಂ.ಮೀ.ನಿಂದ 1 ಮೀಟರ್. ಆಗಿನ ಜರ್ಮನ್ ಟ್ಯಾಂಕಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ ಸುಮಾರು 40 ಸೆಂ.ಮೀ. ಮುಳ್ಳು ಅದಕ್ಕಿಂತ ಎತ್ತರ, ಆದರೆ ಟ್ಯಾಂಕಿನ ಮುಂಭಾಗಕ್ಕಿಂತ ತಗ್ಗು. ಹಾಗಾಗಿ ಡ್ರೈವರ್‌ಗೆ ಹತ್ತಿ ದಾಟಿಬಿಡಬಹುದು ಅನ್ನಿಸುತ್ತದೆ. ಹತ್ತಿದೊಡನೆ ಮುಳ್ಳು ಉರುಳುತ್ತದೆ, ಉರುಳಿ ಹೊಟ್ಟೆಯ ಕೆಳಗೆ ಸೇರಿ ಟ್ಯಾಂಕನ್ನೇ ಎತ್ತಿ ಹಿಡಿಯುತ್ತದೆ. ಟ್ಯಾಂಕಿನ ಚಕ್ರಗಳ ಉಕ್ಕಿನ ಪಟ್ಟಿಗಳು ನೆಲ ಬಿಟ್ಟು ಸುಮ್ಮನೆ ತಿರುಗುತ್ತವೆ, ಕೆಲವೊಮ್ಮೆ ಹೊಟ್ಟೆಯ ತೆಳು ತಗಡು ಹರಿಯುತ್ತದೆ. ಹೊರಬಂದರೂ ಆ ಕೆಲವು ನಿಮಿಷ ಅದು ನಿಂತ ಗುರಿ. ಕಾಂಕ್ರೀಟಿನಲ್ಲಿ ಹೂತರೆ ಮುಳ್ಳು ಉರುಳುವುದಿಲ್ಲ, ಅರ್ಧ ಶಕ್ತಿ ಅಲ್ಲೇ ಹೋಯಿತು.

ಸಾಲುಗಳು ನಾಲ್ಕು ಇರಬೇಕು. ಸಾಲಿನಿಂದ ಸಾಲಿಗೆ 4 ಮೀಟರ್, ಒಂದೇ ಸಾಲಿನಲ್ಲಿ ಮುಳ್ಳಿನಿಂದ ಮುಳ್ಳಿಗೆ ಒಂದೂವರೆ ಮೀಟರ್. ಮೊದಲ ಸಾಲು ದಾಟಿದವನಿಗೆ ವೇಗ ಕೂಡಿಸಲು ಜಾಗವೇ ಸಿಗಬಾರದು.

ತಪ್ಪಿದ್ದು ಎಲ್ಲಿ ಎಂದರೆ, ಅವಸರದಲ್ಲಿ. ಕೈಗೆ ಸಿಕ್ಕ ರೈಲು ಹಳಿ, ತೆಳು ಕಬ್ಬಿಣ ಕತ್ತರಿಸಿ ಆಳೆತ್ತರದ ಮುಳ್ಳುಗಳನ್ನು ಮಾಡಿದ ಕಡೆಗಳೂ ಇದ್ದವು. ದೊಡ್ಡದಾದಷ್ಟೂ ಭಯ ಹುಟ್ಟಿಸುತ್ತದೆ ಎಂಬ ನಂಬಿಕೆ. ಅಷ್ಟೆತ್ತರದ್ದನ್ನು ಟ್ಯಾಂಕು ಹತ್ತಲು ಹೋಗುವುದಿಲ್ಲ, ಎದೆಯಿಂದ ತಳ್ಳಿ ಪಕ್ಕಕ್ಕೆ ಸರಿಸುತ್ತದೆ. ಬರೀ ವೆಲ್ಡಿಂಗ್ ಮಾಡಿದ್ದು ಗಂಟಿನಲ್ಲೇ ಬಿರಿಯುತ್ತದೆ. ಇನ್ನೊಂದು ತಪ್ಪು, ಮುಳ್ಳು ಹಾಕಿ ಮರೆತುಬಿಡುವುದು. ರಾತ್ರಿ ನಾಲ್ಕು ಜನ ಬಂದು ತಂತಿಹಗ್ಗ ಕಟ್ಟಿ ಎಳೆದರೆ ದಾರಿ ತೆರವು. ಆದ್ದರಿಂದ ಮುಳ್ಳಿನ ಸಾಲು ಯಾವಾಗಲೂ ನಮ್ಮ ಮೆಷಿನ್‌ಗನ್ನಿನ ಕಣ್ಣಳತೆಯಲ್ಲೇ ಇರಬೇಕು.

ಪ್ರಶ್ನೆ: ಟ್ಯಾಂಕು ತಡೆಯುವ ಕಂದಕ ತೋಡಲು ಮಹಿಳೆಯರನ್ನು ಕಳಿಸಿದರು ಎಂದು ಬರೆದಿದ್ದೀರಿ. ಗುದ್ದಲಿಯಲ್ಲಿ ಎಷ್ಟು ತೋಡಲು ಸಾಧ್ಯ?

ಉತ್ತರ: ಲಕ್ಷಗಟ್ಟಲೆ ಜನ ಹೋದರು, ಅವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಮಹಿಳೆಯರು. ಗಂಡಸರು ಆಗಲೇ ಸೈನ್ಯದಲ್ಲಿದ್ದರು.

ಲೆಕ್ಕ ಹಾಕಿ ನೋಡೋಣ. ಕಂದಕ ಮೇಲೆ 6 ಮೀಟರ್ ಅಗಲ, ತಳದಲ್ಲಿ 3 ಮೀಟರ್, ಆಳ ಎರಡೂವರೆ ಮೀಟರ್ ಎಂದಿಟ್ಟುಕೊಳ್ಳಿ. ಒಂದು ಮೀಟರ್ ಉದ್ದಕ್ಕೆ 11 ಘನ ಮೀಟರಿಗೂ ಹೆಚ್ಚು ಮಣ್ಣು. ಮೆದು ನೆಲದಲ್ಲಿ ಒಬ್ಬರು ದಿನಕ್ಕೆ 3 ಘನ ಮೀಟರ್ ಎತ್ತಿ ಹಾಕಿದರೂ ಒಂದು ಕಿಲೋಮೀಟರಿಗೆ 3,750 ಆಳುಗಳ ಒಂದು ದಿನದ ದುಡಿಮೆ ಬೇಕು. ಎರಡೂವರೆ ಮೀಟರ್ ಆಳದಿಂದ ಮಣ್ಣನ್ನು ಒಂದೇ ಬೀಸಿಗೆ ಮೇಲೆ ಎಸೆಯಲಾಗುವುದಿಲ್ಲ. ನಡುವೆ ಮೆಟ್ಟಿಲು ಬಿಟ್ಟು, ಕೆಳಗಿನವರು ಅದರ ಮೇಲೆ ಹಾಕಿ, ಅಲ್ಲಿ ನಿಂತವರು ಮೇಲಕ್ಕೆ ಹಾಕಬೇಕು. ಕೊನೆಗೆ ಆ ಮೆಟ್ಟಿಲನ್ನೂ ಕಡಿದು ಹಾಕಬೇಕು. ಅದನ್ನು ಮರೆತರೆ ಶತ್ರುವಿನ ಕಾಲಾಳಿಗೆ ನಾವೇ ಏಣಿ ಇಟ್ಟುಕೊಟ್ಟಂತೆ.

ಮಣ್ಣು ನಮ್ಮ ಕಡೆಯ ದಂಡೆಗೆ ಬೀಳಬೇಕು. ಆಗ ಟ್ಯಾಂಕು ಎದುರಿಸುವ ಗೋಡೆ ಇನ್ನಷ್ಟು ಎತ್ತರವಾಗುತ್ತದೆ. ಆ ಗೋಡೆ ಆದಷ್ಟು ನೆಟ್ಟಗಿರಬೇಕು, ಮರಳು ನೆಲವಾದರೆ ಮರದ ದಿಮ್ಮಿಯ ಆಸರೆ ಕೊಡಬೇಕು. ಇಲ್ಲದಿದ್ದರೆ ಒಂದು ಮಳೆಗೆ ಕುಸಿದು ಇಳಿಜಾರಾಗುತ್ತದೆ. ಕಂದಕ ಉದ್ದಕ್ಕೂ ನೇರವಾಗಿರುವುದೂ ತಪ್ಪು. ಅಲ್ಲಲ್ಲಿ ಮುರಿದು ತಿರುಗಿಸಿದರೆ ಪಕ್ಕದಲ್ಲಿ ಅಡಗಿದ ತೋಪಿಗೆ ಟ್ಯಾಂಕಿನ ತೆಳು ಮಗ್ಗುಲು ಸಿಗುತ್ತದೆ.

ಇಷ್ಟೆಲ್ಲ ಮಾಡಿದರೂ ಕಾವಲಿಲ್ಲದ ಕಂದಕ ಬರೀ ಗುಂಡಿ. ಶತ್ರು ಫಿರಂಗಿಯಿಂದ ಅದರ ಅಂಚು ಒಡೆದು, ಸೌದೆಯ ಹೊರೆ ತುಂಬಿ, ಅರ್ಧ ಗಂಟೆಯಲ್ಲಿ ದಾಟುತ್ತಾನೆ. ಅವನ ಕಾಲಾಳುಗಳಿಗೆ ಅದೇ ಅಡಗುತಾಣವೂ ಆಗುತ್ತದೆ. ಮಾಸ್ಕೋ ಸುತ್ತ ನವೆಂಬರಿನಲ್ಲಿ ಇದನ್ನು ಚೆನ್ನಾಗಿ ಅರಿತುಕೊಂಡರು. ಆಗ ತೋಪುಗಳನ್ನು ಸಾಲಾಗಿ ಹರಡುವುದು ಬಿಟ್ಟು, ರಸ್ತೆ ಕೂಡುವಲ್ಲಿ ಗುಂಪುಗುಂಪಾಗಿ ನಿಲ್ಲಿಸಿದರು. ಜೊತೆಗೆ ನೆಲಬಾಂಬು, ಬೆಂಕಿ ಹಚ್ಚುವ ಬಾಟಲಿ ಹಿಡಿದ ಸೈನಿಕರು, ಆಗಷ್ಟೇ ಬಂದಿದ್ದ ದೆಗ್ತ್ಯಾರ್ಯೋವ್‌ರ 14.5 ಮಿ.ಮೀ. ಟ್ಯಾಂಕುನಾಶಕ ಬಂದೂಕು. 

ಆ ಹೊತ್ತಿಗೆ ನೆಲ ಹೆಪ್ಪುಗಟ್ಟಿ ಗುದ್ದಲಿ ಇಳಿಯುತ್ತಿರಲಿಲ್ಲ. ಹಾರೆ, ಪಿಕಾಸಿ, ಬೆಂಕಿ, ಸಿಡಿಮದ್ದು ಎಲ್ಲ ಬೇಕಾಯಿತು. ಕಾಡಿನಲ್ಲಿ ಮಾತ್ರ ಮರವೇ ಸುಲಭದ ಅಡ್ಡಿ. ಬುಡದಿಂದ ಎದೆಮಟ್ಟ ಬಿಟ್ಟು ಕಡಿದು, ಕಾಂಡ ಬುಡದಿಂದ ಪೂರ್ತಿ ಬೇರೆಯಾಗದ ಹಾಗೆ, ತುದಿ ಶತ್ರುವಿನ ಕಡೆಗೆ ಬೀಳುವಂತೆ ಕೆಡಹುತ್ತಾರೆ. ಪೂರ್ತಿ ಕಡಿದರೆ ಎಳೆದು ಹಾಕಬಹುದು. ಅರ್ಧ ಅಂಟಿಕೊಂಡಿದ್ದರೆ ಎಳೆಯುವವನ ಬೆವರು ಇಳಿಯುತ್ತದೆ.

ಪ್ರಶ್ನೆ: ಮಾಸ್ಕೋದ ಬೀದಿಗಳಲ್ಲಿ ಕದನ ನಡೆಯಿತೇ?

ಉತ್ತರ: ಇಲ್ಲ. ಸಿದ್ಧತೆ ಮಾತ್ರ ಪೂರ್ತಿ ಇತ್ತು. ವೃತ್ತಾಕಾರದ ರೈಲು ಹಳಿಯ ಉದ್ದಕ್ಕೆ ಒಂದು ಸಾಲು, ಸಾದೋವೊಯೆ ವರ್ತುಲ ರಸ್ತೆಯಲ್ಲಿ ಇನ್ನೊಂದು, ಒಳಗಿನ ಬುಲ್ವಾರ್ ವರ್ತುಲದಲ್ಲಿ ಮೂರನೆಯದು. ಬೀದಿಗೆ ಮರಳಿನ ಚೀಲ, ದಿಮ್ಮಿ ಒಟ್ಟಿದರೂ ಟ್ರಾಮ್ ಹೋಗುವಷ್ಟು ಕಂಡಿ ಬಿಟ್ಟಿದ್ದರು. ನಗರ ನಡೆಯುತ್ತಲೇ ಇರಬೇಕಲ್ಲ.

ಪ್ರಶ್ನೆ: ಅಕ್ಟೋಬರ್ 16ರಂದು ಮಾಸ್ಕೋ ಜನ ದಿಕ್ಕೆಟ್ಟು ಓಡಿದರು ಎಂದು ಬರೆದಿದ್ದೀರಿ. ಆ ದಿನ ಬಾಂಬು ಬಿದ್ದಿತ್ತೇ? ಇಷ್ಟು ಬಿಗಿಯಾದ ಆಡಳಿತದಲ್ಲಿ ಅದು ಹೇಗಾಯಿತು?

ಉತ್ತರ: ಬಾಂಬಿಗಿಂತ ಹೆಚ್ಚಿನ ಹಾನಿ ಮಾಡಿದ್ದು ಮೌನ. ಅಕ್ಟೋಬರ್ 14ರಂದು ಕಲೀನಿನ್ (ಇಂದಿನ ತ್ವೇರ್) ಬಿತ್ತು. 15ರಂದು ರಕ್ಷಣಾ ಸಮಿತಿ ಸರ್ಕಾರದ ಕಚೇರಿಗಳನ್ನೂ ವಿದೇಶಿ ರಾಯಭಾರಿಗಳನ್ನೂ ಕೂಯ್ಬಿಷೆವ್‌ಗೆ, ಅಂದರೆ ಇಂದಿನ ಸಮಾರಾಕ್ಕೆ, ಸಾಗಿಸಲು ಆದೇಶಿಸಿತು. ಜನರಿಗೆ ಏನೂ ಹೇಳಲಿಲ್ಲ. ಆದರೆ ಜನರಿಗೆ ಕಣ್ಣಿದೆ. ಕಚೇರಿಯ ಕಾಗದಪತ್ರ ಸುಟ್ಟ ಹೊಗೆ, ಕಾರಿಗೆ ಹಾಸಿಗೆ ಪೆಟ್ಟಿಗೆ ತುಂಬಿಸುವ ಅಧಿಕಾರಿ, ಕಾರ್ಖಾನೆಗೆ ಹೋದರೆ ಕೆಲಸವಿಲ್ಲ ಎಂಬ ಉತ್ತರ. 16ರ ಬೆಳಿಗ್ಗೆ ಮೆಟ್ರೋ ತೆರೆಯಲೇ ಇಲ್ಲ. ಅದನ್ನು ಧ್ವಂಸ ಮಾಡಲು ಸಿದ್ಧತೆ ನಡೆದಿತ್ತು. ದಿನವೂ ಹೋಗುವ ಮೆಟ್ರೋ ಬಾಗಿಲು ಹಾಕಿದ್ದು ಕಂಡವನಿಗೆ ಬೇರೆ ಸುದ್ದಿ ಯಾಕೆ ಬೇಕು? ಪೂರ್ವಕ್ಕೆ ಹೋಗುವ ಎಂಥುಸಿಯಾಸ್ತೋವ್ ಹೆದ್ದಾರಿಯಲ್ಲಿ ಜನ ತುಂಬಿದರು. ಓಡುತ್ತಿದ್ದ ಮೇಲಧಿಕಾರಿಗಳ ಕಾರುಗಳನ್ನು ಕಾರ್ಮಿಕರೇ ತಡೆದು ನಿಲ್ಲಿಸಿದ ಪ್ರಸಂಗಗಳೂ ನಡೆದವು.

ಮೆಟ್ರೋ ಧ್ವಂಸದ ಆದೇಶ ಅದೇ ದಿನ ರದ್ದಾಗಿ ಸಂಜೆಯ ಹೊತ್ತಿಗೆ ರೈಲು ಮತ್ತೆ ಓಡಿತು. 19ರ ಆದೇಶದಂತೆ 20ರಿಂದ ನಗರದಲ್ಲಿ ಮುತ್ತಿಗೆಯ ಸ್ಥಿತಿ ಘೋಷಣೆಯಾಯಿತು. ಮಧ್ಯರಾತ್ರಿಯಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ. ಗಲಭೆ ಎಬ್ಬಿಸುವವರನ್ನೂ ಗೂಢಚಾರರನ್ನೂ ಸ್ಥಳದಲ್ಲೇ ಗುಂಡಿಕ್ಕಬಹುದು. ಕ್ರೂರ ಆದೇಶ, ಅದನ್ನು ಹೊಗಳಬೇಕಿಲ್ಲ. ನಗರ ತಣ್ಣಗಾದದ್ದಕ್ಕೆ ಗುಂಡಿನ ಭಯದಷ್ಟೇ ಇನ್ನೊಂದು ಕಾರಣವೂ ಇತ್ತು ಎಂದು ನಮ್ಮ ಅಭಿಪ್ರಾಯ. ಆ ಆದೇಶದಲ್ಲಿ ನಗರವನ್ನು ಯಾರು, ಯಾವ ಸಾಲಿನಲ್ಲಿ ಕಾಯುತ್ತಾರೆ ಎಂಬುದನ್ನು ಹೆಸರು ಹಿಡಿದು ಹೇಳಿದ್ದರು: ಹೊರಗಿನ ಸಾಲುಗಳಿಗೆ ಝುಕೋವ್, ನಗರದ ಹತ್ತಿರದ ಸಾಲುಗಳಿಗೆ ಅರ್ತೇಮ್ಯೆವ್. ಇದೇ ಮಾತನ್ನು ನಾಲ್ಕು ದಿನ ಮೊದಲು ಹೇಳಬಹುದಿತ್ತು.

ಪ್ರಶ್ನೆ: ಅಣೆಕಟ್ಟೆ ಒಡೆದು ನೀರು ಬಿಟ್ಟದ್ದು ನಿಜವೇ? ನವೆಂಬರಿನಲ್ಲಿ ಎಲ್ಲ ಹೆಪ್ಪುಗಟ್ಟಿರಬೇಕಲ್ಲ, ನೀರಿನಿಂದ ಏನು ಪ್ರಯೋಜನ?

ಉತ್ತರ: ಹೆಪ್ಪುಗಟ್ಟಿದ್ದೇ ಕಾರಣ. ಬೇಸಿಗೆಯಲ್ಲಿ ನದಿ ಅಡ್ಡಿ, ಚಳಿಗಾಲದಲ್ಲಿ ಅದೇ ನದಿ ರಸ್ತೆ. ನವೆಂಬರ್ ಮಧ್ಯದಲ್ಲಿ ಜರ್ಮನರು ಎರಡನೆಯ ಸಲ ಮೇಲೆ ಬಿದ್ದಾಗ ಇಸ್ತ್ರಾ ನದಿಯ ಮೇಲೆ ಮಂಜುಗಡ್ಡೆ ಕಟ್ಟಿತ್ತು. ನವೆಂಬರ್ ಕೊನೆಯ ವಾರ ಇಸ್ತ್ರಾ ಜಲಾಶಯದ ನೀರನ್ನು ಹೊರಬಿಟ್ಟರು. ಕೆಳಗಿನ ಕಣಿವೆಯಲ್ಲಿ ನೀರು ಮಂಜಿನ ಹಾಸನ್ನು ಎತ್ತಿ ಒಡೆದು, ಅದರ ಮೇಲೆ ಹರಿದು, ದಡ ಮೀರಿ ಹರಡಿತು. ಒಡೆದ ಹೆಪ್ಪು, ಅದರ ನಡುವೆ ಕೊರೆಯುವ ನೀರು. ದೋಣಿಯೂ ಸಾಗದು, ಟ್ಯಾಂಕೂ ಸಾಗದು. ಮೇಲಿನ ಜಲಾಶಯದಲ್ಲೂ ಒಂದು ಬದಲಾವಣೆ: ನೀರಿಳಿದ ಮೇಲೆ ಹೆಪ್ಪಿನ ಹಾಸಿಗೆ ಕೆಳಗಿನ ಆಸರೆ ತಪ್ಪುತ್ತದೆ, ಅದು ಜೋತುಬಿದ್ದು ಬಿರಿಯುತ್ತದೆ. ಆದ್ದರಿಂದ ಅದನ್ನೂ ರಸ್ತೆಯಾಗಿ ಬಳಸಲಾಗದು. ಉತ್ತರದಲ್ಲಿ ಮಾಸ್ಕೋ–ವೋಲ್ಗಾ ಕಾಲುವೆಯ ನೀರನ್ನು ಯಾಖ್ರೊಮಾ ನದಿಯ ತಗ್ಗಿಗೆ ಬಿಟ್ಟದ್ದೂ ಇದೇ ಉದ್ದೇಶಕ್ಕೆ.

ತೊಂದರೆ ಏನೆಂದರೆ, ನೀರಿಗೆ ಪಕ್ಷವಿಲ್ಲ. ಒಮ್ಮೆ ಬಿಟ್ಟ ನೀರಿನಿಂದ ಸಿಗುವುದು ಕೆಲವು ದಿನ. ಅದೂ ಮತ್ತೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಸೋವಿಯತ್ ಸೇನೆ ತಿರುಗಿಬಿದ್ದಾಗ ಹಿಂದೆ ಸರಿಯುತ್ತಿದ್ದ ಜರ್ಮನರು ಇಸ್ತ್ರಾ ಕಟ್ಟೆಯನ್ನು ಸಿಡಿಸಿದರು. ಈಗ ಅದೇ ಕಣಿವೆಯ ಕೊರೆಯುವ ಪ್ರವಾಹವನ್ನು ಸೋವಿಯತ್ ಸೈನಿಕರು ದಾಟಬೇಕಾಯಿತು.

ಇಸ್ತ್ರಾಕ್ಕೆ ಸಂಬಂಧಿಸಿದ ಜಗಳವೊಂದು ಪ್ರಸಿದ್ಧ. 16ನೇ ಸೇನೆಯ ಸೇನಾಪತಿ ರೊಕೊಸ್ಸೊವ್ಸ್ಕಿ, ಶತ್ರು ನೂಕುವ ಮೊದಲೇ ಜಲಾಶಯದ ಹಿಂದಕ್ಕೆ ಸರಿದು ಗಟ್ಟಿಯಾಗಿ ನಿಲ್ಲುತ್ತೇನೆ ಎಂದರು. ಝುಕೋವ್ ಒಪ್ಪಲಿಲ್ಲ. ನೀರಿನ ಹಿಂದೆ ನಿಂತರೆ ಕಡಿಮೆ ಜನ ಸಾಕು, ರೊಕೊಸ್ಸೊವ್ಸ್ಕಿ ಹೇಳಿದ್ದು ಸರಿ. ಆದರೆ ಒಂದು ಸೇನೆ ಸರಿದರೆ ಪಕ್ಕದ ಸೇನೆಯ ಮಗ್ಗುಲು ಬರಿದಾಗುತ್ತದೆ. ನಕಾಶೆಯನ್ನು ಯಾರ ಮೇಜಿನಿಂದ ನೋಡುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಪ್ರಶ್ನೆ: ತೂಲಾದಲ್ಲಿ ವಿಮಾನ ಹೊಡೆಯುವ ತೋಪಿನಿಂದ ಟ್ಯಾಂಕು ಹೊಡೆದರಂತೆ. ಹಾಗಿದ್ದರೆ ಎಲ್ಲ ಕಡೆ ಅದನ್ನೇ ಬಳಸಬಹುದಿತ್ತಲ್ಲ?

ಉತ್ತರ: ತೂಲಾ ಮಾಸ್ಕೋದ ದಕ್ಷಿಣ ಬಾಗಿಲು. ಅಕ್ಟೋಬರ್ 30ರಂದು ಜರ್ಮನ್ ಸೇನಾಪತಿ ಗುಡೇರಿಯನ್‌ನ ಟ್ಯಾಂಕುಗಳು ಓರ್ಯೋಲ್ ಹೆದ್ದಾರಿಯಿಂದ ಊರಂಚಿಗೆ ಬಂದಾಗ ಅಲ್ಲಿ ಇದ್ದದ್ದು ಕಾರ್ಮಿಕರ ಒಂದು ರೆಜಿಮೆಂಟ್, ಒಳಾಡಳಿತ ಪಡೆಯ ಒಂದು ರೆಜಿಮೆಂಟ್, ಹಿಮ್ಮೆಟ್ಟಿ ಬಂದ ದಳಗಳ ಉಳಿಕೆ ಮತ್ತು 732ನೇ ವಿಮಾನನಾಶಕ ರೆಜಿಮೆಂಟ್. ಆಗಿನ ಸಾಮಾನ್ಯ ಟ್ಯಾಂಕುನಾಶಕ ತೋಪು 45 ಮಿ.ಮೀ.; ಅದರ ಗುಂಡು ಸುಮಾರು 1.4 ಕಿಲೋ. 85 ಮಿ.ಮೀ. ವಿಮಾನನಾಶಕದ ಗುಂಡು 9 ಕಿಲೋಗೂ ಹೆಚ್ಚು, ವೇಗ ಸೆಕೆಂಡಿಗೆ ಸುಮಾರು 800 ಮೀಟರ್. ಎತ್ತರದ ವಿಮಾನಕ್ಕೆ ತಲುಪಲು ಬೇಕಾದ ಆ ವೇಗವೇ ನೆಲದಲ್ಲಿ ಕವಚ ಸೀಳುತ್ತದೆ.

ಬೆಲೆಯೂ ಅಷ್ಟೇ. ನಾಲ್ಕು ಟನ್ನು ಮೀರಿದ ತೂಕ, ಎಳೆಯಲು ಟ್ರಾಕ್ಟರು ಅಥವಾ ಭಾರೀ ಲಾರಿ, ಮರೆಮಾಡಲಾಗದ ಎತ್ತರ. ಒಂದೆರಡು ಗುಂಡು ಹಾರಿಸಿದ ಮೇಲೆ ಎಲ್ಲಿದೆ ಎಂದು ಶತ್ರುವಿಗೆ ತಿಳಿಯುತ್ತದೆ, ಜಾಗ ಬದಲಿಸುವುದು ನಿಧಾನ. ಎಲ್ಲಕ್ಕಿಂತ ಮುಖ್ಯ, ತೋಪನ್ನು ಕಿತ್ತ ಜಾಗದ ಮೇಲಿನ ಆಕಾಶ ಬಯಲಾಗುತ್ತದೆ. ತೂಲಾ ಕಡೆಯವರೆಗೂ ಬೀಳಲಿಲ್ಲ. ಗುಡೇರಿಯನ್ ಅದನ್ನು ಬಳಸಿಕೊಂಡು ಪೂರ್ವಕ್ಕೆ ಸುತ್ತಬೇಕಾಯಿತು, ಕಶೀರಾ ಬಳಿ ಸೋವಿಯತ್ ಸೇನೆ ಅವನನ್ನು ತಡೆದು ನಿಲ್ಲಿಸಿತು.

ಪ್ರಶ್ನೆ: ಕ್ರೆಮ್ಲಿನ್ ಅನ್ನೇ ಮರೆಮಾಡಿದ್ದರಂತೆ, ಹೌದೇ?

ಉತ್ತರ: ಹೌದು. ಚಿನ್ನದ ಗುಮ್ಮಟಗಳಿಗೆ ಮಂಕು ಬಣ್ಣ, ಗೋಪುರದ ನಕ್ಷತ್ರಗಳಿಗೆ ಹೊದಿಕೆ, ಗೋಡೆಯ ಮೇಲೆ ಸಾಲುಮನೆಗಳ ಕಿಟಕಿ ಬಾಗಿಲ ಚಿತ್ರ, ಲೆನಿನ್ ಸಮಾಧಿಯ ಮೇಲೆ ಹುಸಿ ಕಟ್ಟಡ. ಲೆನಿನ್ ದೇಹವನ್ನು ಜುಲೈಯಲ್ಲೇ ತ್ಯುಮೇನ್‌ಗೆ ಸಾಗಿಸಿದ್ದರು. ಆದರೆ ನದಿಗೆ ಬಣ್ಣ ಬಳಿಯಲಾದೀತೇ? ಬೆಳದಿಂಗಳಲ್ಲಿ ಮಾಸ್ಕ್ವಾ ನದಿಯ ತಿರುವು ನೋಡಿದರೆ ವಿಮಾನದವನಿಗೆ ಜಾಗ ಗೊತ್ತಾಗುತ್ತದೆ. ಹೆಚ್ಚು ಕೆಲಸ ಮಾಡಿದ್ದು ತಂತಿ ಕಟ್ಟಿ ತೇಲಿಬಿಟ್ಟ ಬಲೂನುಗಳು. ತಂತಿಗೆ ರೆಕ್ಕೆ ತಗುಲೀತೆಂಬ ಹೆದರಿಕೆಯಲ್ಲಿ ವಿಮಾನ ಮೇಲೇರುತ್ತದೆ, ಮೇಲೇರಿದಷ್ಟೂ ಗುರಿ ತಪ್ಪುತ್ತದೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಮಾಸ್ಕೋವನ್ನು ಉಳಿಸಿದ್ದು ಚಳಿ ಅಲ್ಲವೇ?

ಉತ್ತರ: ಚಳಿ ಎರಡೂ ಕಡೆಯವರ ಮೇಲೆ ಬಿತ್ತು. ನವೆಂಬರಿನ ಮೊದಲ ಹೆಪ್ಪಿನಿಂದ ಲಾಭವಾದದ್ದು ಜರ್ಮನರಿಗೇ. ಕೆಸರು ಗಟ್ಟಿಯಾಗಿ ಟ್ಯಾಂಕು ಮತ್ತೆ ಓಡಿತು. ಕ್ಲೀನ್, ಸೊಲ್ನೆಚ್ನೊಗೊರ್ಸ್ಕ್ ಬಿದ್ದದ್ದು ಆ ಗಟ್ಟಿ ನೆಲದಿಂದಲೇ. ಅವರಿಗೆ ಮುಳುವಾದದ್ದು ಹಳಿ. ಸೋವಿಯತ್ ಹಳಿಯ ಅಗಲ 1,524 ಮಿ.ಮೀ., ಜರ್ಮನಿಯದು 1,435. ವ್ಯತ್ಯಾಸ 89 ಮಿ.ಮೀ., ಅಂಗೈ ಅಗಲ. ಅಷ್ಟಕ್ಕಾಗಿ ಸಾವಿರಾರು ಕಿಲೋಮೀಟರ್ ಹಳಿಯನ್ನು ಮೊಳೆ ಕಿತ್ತು ಸರಿಸಬೇಕಾಯಿತು. ಸರಿಸಿದ ಹಳಿಯ ಮೇಲೆ ಬಂದ ಜರ್ಮನ್ ಎಂಜಿನ್‌ಗಳ ನೀರಿನ ಕೊಳವೆಗಳು ಹೊರಗಿದ್ದವು. ಚಳಿ ಬಿಗಿದಾಗ ಒಡೆದವು. ಬೆಚ್ಚನೆಯ ಬಟ್ಟೆ, ಮದ್ದುಗುಂಡು, ಪೆಟ್ರೋಲು ಮೂರೂ ಒಂದೇ ವ್ಯಾಗನ್ನಿಗೆ ಪೈಪೋಟಿ ಮಾಡಬೇಕಿತ್ತು, ಬಟ್ಟೆ ಸೋತಿತು. ಅತ್ತ ಡಿಸೆಂಬರ್ 5 ಮತ್ತು 6ರಂದು ಸೋವಿಯತ್ ಸೇನೆ ತಿರುಗಿಬಿದ್ದಾಗ ಮುಂದೆ ಬಂದ 1ನೇ ಆಘಾತ ಸೇನೆ, 10ನೇ ಮತ್ತು 20ನೇ ಸೇನೆಗಳು ಮಾಸ್ಕೋದ ಹಿಂದೆ ಸದ್ದಿಲ್ಲದೆ ಕೂಡಿಸಿಟ್ಟ ಪಡೆಗಳು. ಮೊಝೈಸ್ಕ್ ಸಾಲಿನಲ್ಲಿ ಗಳಿಸಿದ ದಿನಗಳು ಖರ್ಚಾದದ್ದು ಇಲ್ಲಿ.

ಪ್ರಶ್ನೆ: ಸುತ್ತುವರಿಯುವುದನ್ನು ತಡೆಯಲಾಗದಿದ್ದರೆ? ಲೆನಿನ್‌ಗ್ರಾದ್ 872 ದಿನ ಹೇಗೆ ತಾಳಿತು? ಹೆಪ್ಪುಗಟ್ಟಿದ ಸರೋವರದ ಮೇಲೆ ಲಾರಿ ಓಡಿಸುವುದು ಎಷ್ಟು ಸುರಕ್ಷಿತ?

ಉತ್ತರ: ಮೊದಲು ಹಿಟ್ಟಿನ ಲೆಕ್ಕ. 1941ರ ಸೆಪ್ಟೆಂಬರ್ 8ರಂದು ಭೂಮಾರ್ಗ ಮುಚ್ಚಿತು. 12ರಂದು ಎಣಿಸಿದಾಗ ಧಾನ್ಯ ಮತ್ತು ಹಿಟ್ಟು ಉಳಿದದ್ದು 35 ದಿನಕ್ಕೆ. ನಗರದ ಬದಾಯೆವ್ ಆಹಾರ ಗೋದಾಮು ಸುಟ್ಟದ್ದರಿಂದಲೇ ಹಸಿವು ಬಂತು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅಲ್ಲಿ ಸುಟ್ಟದ್ದು ಸುಮಾರು 3,000 ಟನ್ ಹಿಟ್ಟು, 2,500 ಟನ್ ಸಕ್ಕರೆ. ಆಗ ನಗರ ದಿನಕ್ಕೆ 2,000 ಟನ್ನಿಗೂ ಹೆಚ್ಚು ಹಿಟ್ಟು ತಿನ್ನುತ್ತಿತ್ತು. ಅಂದರೆ ಒಂದೂವರೆ ದಿನದ ಹಿಟ್ಟು. ನಿಜವಾದ ತಪ್ಪು ಜುಲೈ, ಆಗಸ್ಟಿನದು: ದಾರಿ ತೆರೆದಿದ್ದಾಗ ಸಂಗ್ರಹ ತುಂಬಿಸಲಿಲ್ಲ, ಎಳೆಯರನ್ನೂ ಮುದುಕರನ್ನೂ ಸಾಕಷ್ಟು ಸಂಖ್ಯೆಯಲ್ಲಿ ಹೊರಗೆ ಕಳಿಸಲಿಲ್ಲ.

ಜುಲೈ 18ರಂದು ಪಡಿತರ ಶುರುವಾದಾಗ ಕಾರ್ಮಿಕರಿಗೆ ದಿನಕ್ಕೆ 800 ಗ್ರಾಂ ಬ್ರೆಡ್ಡು, ನೌಕರರಿಗೆ 600, ಮಕ್ಕಳಿಗೂ ಅವಲಂಬಿತರಿಗೂ 400. ಐದು ಸಲ ಕಡಿತವಾಗಿ ನವೆಂಬರ್ 20ಕ್ಕೆ ಕಾರ್ಮಿಕರಿಗೆ 250, ಉಳಿದವರೆಲ್ಲರಿಗೂ 125 ಗ್ರಾಂ. ದಿನದ ಹಿಟ್ಟಿನ ಖರ್ಚು 510 ಟನ್ನಿಗೆ ಇಳಿಯಿತು. ಆ 125 ಗ್ರಾಮೂ ಪೂರ್ತಿ ಬ್ರೆಡ್ಡಲ್ಲ. ಎಣ್ಣೆಬೀಜದ ಹಿಂಡಿ, ಬಿಯರಿನ ಮಾಲ್ಟು, ಮರದ ಸೆಲ್ಯುಲೋಸು ಬೆರೆತು, ನೀರು ಹೆಚ್ಚಾಗಿ, ಕೈಯಲ್ಲಿ ಹಿಡಿದರೆ ಜೇಡಿಮಣ್ಣಿನ ಹಾಗೆ ಭಾರ. ತೂಕವಿದೆ, ಕಸುವಿಲ್ಲ.

ಲದೋಗಾ ಸರೋವರದ ಮೇಲಿನ ದಾರಿಯ ಅಳತೆ ಹೀಗೆ: 10 ಸೆಂ.ಮೀ. ದಪ್ಪದ ಹೆಪ್ಪು ಹೊರೆಯಿಲ್ಲದ ಕುದುರೆಯನ್ನು ತಾಳುತ್ತದೆ, 15 ಸೆಂ.ಮೀ. ಒಂದು ಟನ್ ಹೊತ್ತ ಜಾರುಬಂಡಿ ಎಳೆಯುವ ಕುದುರೆಯನ್ನು, 20 ಸೆಂ.ಮೀ. ಒಂದು ಟನ್ ಹೊತ್ತ ಲಾರಿಯನ್ನು. ನವೆಂಬರ್ 20ರಂದು ಕುದುರೆ ಬಂಡಿಗಳು ಹೋದವು, 22ರಂದು ಒಂದೂವರೆ ಟನ್ನಿನ ಲಾರಿಗಳ ಮೊದಲ ಸಾಲು. ತಂದದ್ದು 33 ಟನ್. ಹೆಪ್ಪು ತೆಳುವಾದ್ದರಿಂದ ಒಂದು ಲಾರಿಗೆ ಎರಡು ಮೂರು ಮೂಟೆ ಮಾತ್ರ ಹೇರಿ, ಭಾರ ಹರಡಲೆಂದು ಹಿಂದೆ ಜಾರುಬಂಡಿ ಕಟ್ಟಿದ ದಿನಗಳವು. ಡ್ರೈವರುಗಳು ಬಾಗಿಲು ತೆರೆದಿಟ್ಟೇ ಓಡಿಸುತ್ತಿದ್ದರು, ಮುಳುಗಿದರೆ ಹಾರಬೇಕಲ್ಲ.

ವಿಚಿತ್ರವೆಂದರೆ, ಭಾರದ ಲಾರಿ ದಾಟಿದ ಜಾಗದಲ್ಲೇ ಹಗುರ ಲಾರಿ ಮುಳುಗುತ್ತಿತ್ತು. ಲೆನಿನ್‌ಗ್ರಾದ್‌ನ ಭೌತವಿಜ್ಞಾನಿಗಳು ಹೆಪ್ಪಿನ ಬಾಗುವಿಕೆಯನ್ನು ಅಳೆದು ಕಾರಣ ಹಿಡಿದರು. ಚಲಿಸುವ ಲಾರಿಯ ಕೆಳಗೆ ಹೆಪ್ಪು ತಗ್ಗಿ, ಅಡಿಯ ನೀರಿನಲ್ಲಿ ಅಲೆ ಏಳುತ್ತದೆ. ಲಾರಿಯ ವೇಗ ಆ ಅಲೆಯ ವೇಗಕ್ಕೆ ಸರಿಹೊಂದಿದರೆ ಅಲೆ ದಾಟಿಹೋಗದೆ ಲಾರಿಯ ಜೊತೆಜೊತೆಗೇ ಬರುತ್ತಾ ಹೆಚ್ಚುತ್ತದೆ, ಹೆಪ್ಪು ಒಡೆಯುತ್ತದೆ. ಅಲ್ಲಿಯ ಆಳಕ್ಕೆ ಆ ವೇಗ ಗಂಟೆಗೆ ಸುಮಾರು 35 ಕಿ.ಮೀ. ಅದಕ್ಕಿಂತ ನಿಧಾನವಾಗಿ ಹೋಗಬೇಕು, ಇಲ್ಲವೇ ಜೋರಾಗಿ. ಆ ವೇಗದಲ್ಲಿ ಮಾತ್ರ ಹೋಗಬಾರದು. ನಿಲ್ಲುವುದೂ ಅಪಾಯ. ಒಂದೇ ಕಡೆ ಬಹಳ ಹೊತ್ತು ನಿಂತ ಭಾರಕ್ಕೆ ಹೆಪ್ಪು ಮೆಲ್ಲಗೆ ಬಾಗುತ್ತಲೇ ಹೋಗುತ್ತದೆ.

ಸರೋವರ ದಾಟುವುದು ಸುಮಾರು 30 ಕಿ.ಮೀ. ಮಾತ್ರ. ದಡಕ್ಕೆ ಸಾಮಾನು ತಲುಪಿಸುವುದೇ ದೊಡ್ಡ ಕಷ್ಟ. ನವೆಂಬರ್ 8ರಂದು ತೀಖ್ವಿನ್ ರೈಲು ನಿಲ್ದಾಣ ಜರ್ಮನರ ವಶವಾದಾಗ ಕಾಡಿನ ನಡುವೆ 300 ಕಿ.ಮೀ.ಗೂ ಹೆಚ್ಚಿನ ಸುತ್ತುದಾರಿ ಹಾಕಬೇಕಾಯಿತು. ಡಿಸೆಂಬರ್ 9ರಂದು ತೀಖ್ವಿನ್ ಮರಳಿ ಬಂತು. 25ರಂದು ಪಡಿತರ ಮೊದಲ ಸಲ ಏರಿತು, ಕಾರ್ಮಿಕರಿಗೆ 350, ಉಳಿದವರಿಗೆ 200. ಈ ಎರಡು ತಾರೀಖನ್ನು ಪಕ್ಕಪಕ್ಕ ಇಟ್ಟು ನೋಡಿ. ಬ್ರೆಡ್ಡಿನ ತೂಕ ನಿರ್ಧಾರವಾದದ್ದು ನಗರದಿಂದ ಸುಮಾರು 200 ಕಿ.ಮೀ. ಆಚೆಯ ಒಂದು ಸಣ್ಣ ನಿಲ್ದಾಣದಲ್ಲಿ. ಏಪ್ರಿಲಿನಲ್ಲಿ ಹೆಪ್ಪು ಕರಗುವವರೆಗೆ ಆ ದಾರಿಯಲ್ಲಿ 3.6 ಲಕ್ಷ ಟನ್ ಸಾಮಾನು ಬಂತು, ಸುಮಾರು ಐದೂವರೆ ಲಕ್ಷ ಜನ ಹೊರಗೆ ಹೋದರು.

ಪ್ರಶ್ನೆ: ಜರ್ಮನರು ಮಾಸ್ಕೋಗೆ ಎಷ್ಟು ಹತ್ತಿರ ಬಂದರು? ದುರ್ಬೀನಿನಲ್ಲಿ ಕ್ರೆಮ್ಲಿನ್ ಗೋಪುರ ಕಂಡರು ಎನ್ನುತ್ತಾರೆ.

ಉತ್ತರ: ಗೋಪುರದ ಕಥೆ ಬಿಡಿ. ಅವರ ಪಡೆ ಬಲವಾಗಿ ಹಿಡಿದು ಕೂತದ್ದು ಕ್ರಾಸ್ನಾಯಾ ಪೊಲ್ಯಾನಾ, ಕ್ರೆಮ್ಲಿನ್‌ನಿಂದ ಸುಮಾರು 30 ಕಿ.ಮೀ. ಮೊದಲ ಉತ್ತರದಲ್ಲಿ ಹೇಳಿದ ಫಿರಂಗಿಯ ಅಳತೆಯನ್ನು ನೆನಪಿಸಿಕೊಳ್ಳಿ. ಅಲ್ಲಿಂದ ಅವರನ್ನು ಹೊರದಬ್ಬಲು ಅಷ್ಟು ಅವಸರ ಪಟ್ಟದ್ದು ಯಾಕೆಂದು ತಿಳಿಯುತ್ತದೆ. ಲೆನಿನ್‌ಗ್ರಾದ್ ಹೆದ್ದಾರಿಯ 23ನೇ ಕಿಲೋಮೀಟರಿನಲ್ಲಿ, ಖಿಮ್ಕಿಯಲ್ಲಿ, 1966ರಲ್ಲಿ ಮೂರು ಮುಳ್ಳುಗಳ ಸ್ಮಾರಕ ನಿಲ್ಲಿಸಿದ್ದಾರೆ. ಮುಳ್ಳಿನ ಅಳತೆ ಕೇಳಿದ ಓದುಗರಿಗೆ ಒಂದು ಮಾತು: ಸ್ಮಾರಕದ ಮುಳ್ಳುಗಳು ಅಸಲಿಗಿಂತ ಎಷ್ಟೋ ಪಟ್ಟು ದೊಡ್ಡವು. ಆ ಅಳತೆಯವನ್ನು 1941ರಲ್ಲಿ ನಿಲ್ಲಿಸಿದ್ದರೆ ಟ್ಯಾಂಕುಗಳು ಅವುಗಳ ನಡುವೆಯೇ ನುಸುಳಿಕೊಂಡು ಹೋಗುತ್ತಿದ್ದವು.